ಸಾಲ ಅವರದು, ಫೋನು ನಿಮಗೆ: ವಸೂಲಿಯವರು ಬೇರೆಯವರ ಬಾಕಿಗೆ ನಿಮ್ಮನ್ನು ಹಿಡಿದಾಗ

"ನಿಮ್ಮ ಭಾವಮೈದ ಮೂರು ಕಂತು ಕಟ್ಟಿಲ್ಲ. ಸಂಜೆಯೊಳಗೆ ನೀವಾದರೂ ಹಾಕಿ, ಇಲ್ಲದಿದ್ದರೆ ಮನೆ ಹತ್ತಿರ ಬರ್ತೀವಿ." ಇಂಥ ಫೋನು ಬಂದಾಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ. ಬೀದಿಯಲ್ಲಿ ಮರ್ಯಾದೆ ಹೋದೀತೆಂದು ಒಂದೆರಡು ಸಾವಿರ ಹಾಕಿಬಿಡುವುದು ಒಂದು. "ಅವನು ನಾನಲ್ಲ" ಎಂದು ತೋರಿಸಲು ತಮ್ಮದೇ ಆಧಾರ್, ಪ್ಯಾನ್ ಕಾರ್ಡಿನ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಇನ್ನೊಂದು. ದುಡ್ಡು ಹಾಕಿದಿರೋ, ಈ ನಂಬರಿಗೆ ಒತ್ತಿದರೆ ಹಣ ಬರುತ್ತದೆ ಎಂದು ಅವರಿಗೆ ಗೊತ್ತಾಯಿತು. ಮುಂದಿನ ತಿಂಗಳು ಮೊದಲ ಕರೆ ನಿಮಗೇ. ದಾಖಲೆ ಕಳಿಸಿದಿರೋ, ಅಪರಿಚಿತನ ಕೈಗೆ ನಿಮ್ಮ ಗುರುತೇ ಹೋಯಿತು. ಆ ಕಡೆ ಇರುವವನು ನಿಜವಾದ ವಸೂಲಿ ಏಜೆಂಟೋ ಮೋಸಗಾರನೋ ನಿಮಗೆ ಇನ್ನೂ ತಿಳಿದಿಲ್ಲ ಎಂಬುದು ನೆನಪಿರಲಿ.

ಮೊದಲ ಕರೆಯಲ್ಲಿ ವಾದ ಬೇಡ, ಮಾಹಿತಿ ತೆಗೆದುಕೊಳ್ಳಿ. ಸಾಲ ಕೊಟ್ಟ ಸಂಸ್ಥೆ ಯಾವುದು, ಕರೆ ಮಾಡಿದವರ ಹೆಸರು ಮತ್ತು ಏಜೆನ್ಸಿ ಯಾವುದು, ಸಾಲ ಖಾತೆ ಸಂಖ್ಯೆ ಏನು ಎಂದು ಕೇಳಿ. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: "ನಿಮ್ಮ ದಾಖಲೆಯಲ್ಲಿ ನಾನು ಯಾರು? ಸಾಲಗಾರನೋ, ಸಹ ಸಾಲಗಾರನೋ, ಜಾಮೀನುದಾರನೋ, ಬರೀ ರೆಫರೆನ್ಸೋ?" ಉತ್ತರವನ್ನು ಲಿಖಿತವಾಗಿ ಕಳಿಸಲು ಹೇಳಿ ಫೋನ್ ಇಡಿ. ಜನ್ಮ ದಿನಾಂಕ, ಒಟಿಪಿ, ಸಾಲಗಾರ ಎಲ್ಲಿ ಕೆಲಸ ಮಾಡುತ್ತಾನೆ ಎಂಬುದು, ಇವನ್ನೆಲ್ಲ ಹೇಳಬೇಕಾದ ಹಂಗು ನಿಮಗಿಲ್ಲ. "ಸ್ವಲ್ಪ ಟೈಮ್ ಕೊಡಿ, ನೋಡೋಣ" ಎಂಬ ಮರ್ಯಾದೆಯ ಮಾತೂ ಬೇಡ. ಅದು ರೆಕಾರ್ಡಿನಲ್ಲಿ ನೀವೇ ಒಪ್ಪಿಕೊಂಡಂತೆ ಕೇಳಿಸುತ್ತದೆ.

ಆ ಪ್ರಶ್ನೆಗೆ ಬರುವ ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ. "ನನ್ನ ಸಾಲ ಅಲ್ಲ" ಎಂಬ ಒಂದೇ ಮಾತು ಒಬ್ಬರಿಗೆ ಪೂರ್ತಿ ರಕ್ಷಣೆ ಕೊಡುತ್ತದೆ, ಇನ್ನೊಬ್ಬರಿಗೆ ಕೋರ್ಟಿನಲ್ಲಿ ಚಿಕ್ಕಾಸಿನ ಉಪಯೋಗಕ್ಕೂ ಬಾರದು.

ಬರೀ ನಂಬರು ಸಿಕ್ಕಿದೆಯಷ್ಟೇ ಆದರೆ

ಸಾಲದ ಅರ್ಜಿಯಲ್ಲಿ ರೆಫರೆನ್ಸ್ ಎಂದು ನಿಮ್ಮ ಹೆಸರು ಬರೆದಿದ್ದರೆ, ಸಾಲದ ಆ್ಯಪ್ ನಿಮ್ಮ ಗೆಳೆಯನ ಫೋನಿನಿಂದ ನಂಬರು ಎತ್ತಿಕೊಂಡಿದ್ದರೆ, ನೀವು ಒಂದು ರೂಪಾಯಿಗೂ ಹೊಣೆಯಲ್ಲ. ರೆಫರೆನ್ಸ್ ಎಂದರೆ ಜಾಮೀನಲ್ಲ. ಸಾಲಗಾರನ ಮನೆಯವರು, ರೆಫರೆನ್ಸ್ ಕೊಟ್ಟವರು, ಸ್ನೇಹಿತರು, ಇವರ ಖಾಸಗಿತನಕ್ಕೆ ಕೈಹಾಕುವಂತಿಲ್ಲ, ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಹೇಳಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಅವಧಿ ಇನ್ನೂ ಕಡಿಮೆ: ಬೆಳಿಗ್ಗೆ 9ರಿಂದ ಸಂಜೆ 6. ಡಿಜಿಟಲ್ ಸಾಲದ ನಿಯಮದ ಪ್ರಕಾರ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಕರೆ ದಾಖಲೆ, ಫೋಟೊ ಫೈಲುಗಳನ್ನು ಮುಟ್ಟುವಂತೆಯೇ ಇಲ್ಲ. ಹಾಗಾಗಿ ನಿಮ್ಮ ನಂಬರು ಎಲ್ಲಿಂದ ಬಂತು ಎಂದು ಕೇಳುವುದೇ ಒಂದು ಒಳ್ಳೆಯ ಅಸ್ತ್ರ. ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೊಳಪಟ್ಟ ಸಂಸ್ಥೆಗಳ ಸಾಲದ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ 2025ರ ಜುಲೈನಿಂದ ಇದೆ. ಅದರಲ್ಲಿ ಹೆಸರಿಲ್ಲದಿದ್ದರೆ ದೂರು ಹೋಗಬೇಕಾದ್ದು ಪೊಲೀಸರಿಗೆ ಮತ್ತು ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ಗೆ. ಆ್ಯಪ್‌ನ ಕಸ್ಟಮರ್ ಕೇರ್‌ಗೆ ಬರೆದು ಪ್ರಯೋಜನವಿಲ್ಲ.

ಹೊಸ ಸಿಮ್ ತೆಗೆದುಕೊಂಡ ವಾರಕ್ಕೇ ಬೇರೆ ಯಾರದೋ ಹೆಸರು ಕೇಳಿ ಕರೆ ಬಂದರೆ, ಅದು ಹಳೆಯ ಚಂದಾದಾರನ ನಂಬರು ನಿಮಗೆ ಬಂದದ್ದು. ಬಳಕೆ ನಿಂತ ನಂಬರನ್ನು ಮೂರು ತಿಂಗಳ ಮೇಲೆ ಮೊಬೈಲ್ ಕಂಪನಿಗಳು ಇನ್ನೊಬ್ಬರಿಗೆ ಕೊಡುತ್ತವೆ. ಕಂಪನಿಯ ಅಂಗಡಿಯಲ್ಲಿ ಸಿಮ್ ಚಾಲೂ ಆದ ದಿನಾಂಕವಿರುವ ದಾಖಲೆ ಕೇಳಿ ಪಡೆಯಿರಿ. ಸಾಲದ ದಿನಾಂಕ ಅದಕ್ಕಿಂತ ಹಿಂದಿನದಾಗಿದ್ದರೆ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಏಜೆಂಟನನ್ನು ಬ್ಲಾಕ್ ಮಾಡಿದರಷ್ಟೇ ಕರೆ ನಿಲ್ಲುವುದಿಲ್ಲ. ಅವನ ಹಿಂದಿರುವ ಪಟ್ಟಿಯಲ್ಲಿ ನಂಬರು ಹಾಗೇ ಉಳಿದು, ಬೇರೆ ಏಜೆನ್ಸಿಗೆ ಹೋಗುತ್ತದೆ. ಅಳಿಸಬೇಕಾದ್ದು ಸಾಲ ಕೊಟ್ಟ ಸಂಸ್ಥೆಯ ದಾಖಲೆಯಲ್ಲಿ.

ಗಂಡನ ಸಾಲ, ಅಪ್ಪನ ಸಾಲ

ಮದುವೆಯಾದ ಮಾತ್ರಕ್ಕೆ ಗಂಡನ ಸಾಲ ಹೆಂಡತಿಯದಾಗುವುದಿಲ್ಲ, ಮಗನ ಸಾಲ ತಾಯಿಯದಾಗುವುದಿಲ್ಲ. ಸಹಿ ಇದೆಯೇ ಎಂಬುದೊಂದೇ ಪ್ರಶ್ನೆ. ಗೃಹಸಾಲದಲ್ಲಿ ಹೆಂಡತಿಯನ್ನು ಸಹ ಸಾಲಗಾರಳಾಗಿ ಸೇರಿಸುವುದು ಸಾಮಾನ್ಯ; ಅಂಥಲ್ಲಿ ಆಕೆ ಪೂರ್ತಿ ಮೊತ್ತಕ್ಕೆ ಹೊಣೆ, ಅರ್ಧಕ್ಕಲ್ಲ.

ಸಾಲಗಾರ ತೀರಿಕೊಂಡರೆ ಸಾಲ ಅವರ ಆಸ್ತಿಯ ಮೇಲೆ ನಿಲ್ಲುತ್ತದೆ. ವಾರಸುದಾರರು ತಮಗೆ ಬಂದ ಆಸ್ತಿಯ ಮೌಲ್ಯದವರೆಗೆ ಮಾತ್ರ ಉತ್ತರ ಕೊಡಬೇಕು. ಅಪ್ಪ 2 ಲಕ್ಷದ ಆಸ್ತಿ ಬಿಟ್ಟು 9 ಲಕ್ಷ ಸಾಲ ಮಾಡಿ ಹೋಗಿದ್ದರೆ, ಉಳಿದ 7 ಲಕ್ಷವನ್ನು ಮಗನ ಸಂಬಳದಿಂದ ಕೇಳುವ ಹಕ್ಕು ಯಾರಿಗೂ ಇಲ್ಲ. "ಅಪ್ಪನ ಋಣ ತೀರಿಸೋದು ಮಗನ ಧರ್ಮ" ಎಂಬ ಮಾತನ್ನು ಏಜೆಂಟರು ಚೆನ್ನಾಗಿ ಬಳಸುತ್ತಾರೆ. ಹಿಂದೂ ಕಾನೂನಿನಲ್ಲಿ ಅಂಥದೊಂದು ಹೊಣೆ ಹಿಂದೆ ಇದ್ದದ್ದೂ ನಿಜ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ತೆಗೆದುಹಾಕಿದೆ. 2005ರ ಸೆಪ್ಟೆಂಬರ್ 9ರ ನಂತರ ಮಾಡಿದ ಸಾಲಕ್ಕೆ ಆ ಧರ್ಮದ ಹೆಸರಿನಲ್ಲಿ ಮಗ, ಮೊಮ್ಮಗನ ಮೇಲೆ ದಾವೆ ನಡೆಯದು.

ಸಾವಿನ ಮನೆಯಲ್ಲಿ ಹದಿನೈದು ದಿನವೂ ಕಳೆಯದೆ ಒಂದು ಕಾಗದ ತಂದು "ಸುಮ್ಮನೆ ಫಾರ್ಮಾಲಿಟಿ, ಸಹಿ ಹಾಕಿ" ಎನ್ನುವವರಿದ್ದಾರೆ. ಓದಿದರೆ ಅದು ಕಂತು ಮುಂದುವರಿಸುವ ಒಪ್ಪಿಗೆ ಪತ್ರ. ಸಹಿ ಹಾಕಿದಿರೋ, ಅಪ್ಪನ ಆಸ್ತಿಗೆ ಸೀಮಿತವಾಗಿದ್ದ ಸಾಲಕ್ಕೆ ಸ್ವತಃ ನೀವೇ ಹೊಣೆ ಹೊತ್ತಂತೆ. ಅದಕ್ಕೆ ಮೊದಲು ಮರಣ ಪ್ರಮಾಣಪತ್ರದ ಪ್ರತಿ ಕೊಟ್ಟು ಎರಡು ಕೇಳಿ: ಸಾಲದ ಪೂರ್ತಿ ಲೆಕ್ಕ ಮತ್ತು ಸಾಲದ ಜೊತೆಗೆ ವಿಮೆ ಇತ್ತೇ ಎಂಬುದು. ಬಹಳಷ್ಟು ಗೃಹಸಾಲ, ಮೈಕ್ರೋಫೈನಾನ್ಸ್ ಸಾಲಗಳಲ್ಲಿ ಮೊದಲೇ ಪ್ರೀಮಿಯಂ ಕಡಿದುಕೊಂಡಿರುತ್ತಾರೆ. ವಿಮೆಯಿದ್ದೂ ಮನೆಯವರಿಂದ ಕಂತು ಕೇಳುತ್ತಿದ್ದರೆ ಕ್ಲೇಮ್ ಸಂಖ್ಯೆ ಕೇಳಿ. ಸತ್ತವರ ಪಿಎಫ್ ಹಣ ನಾಮಿನಿಗೆ ಸಾಲದ ಹಂಗಿಲ್ಲದೆ ಸೇರುತ್ತದೆ. ಅದನ್ನು ತೋರಿಸಿ ಯಾರೂ ಹೆದರಿಸುವಂತಿಲ್ಲ. ಆದರೆ ಅಡವಿಟ್ಟ ಮನೆ, ವಾಹನ, ಚಿನ್ನದ ಮಾತು ಬೇರೆ. ವಸ್ತು ಉಳಿಸಿಕೊಳ್ಳಬೇಕೆಂದರೆ ಅದರ ಸಾಲ ತೀರಿಸಲೇಬೇಕು.

ಜಾಮೀನು ಹಾಕಿದ್ದರೆ

ಇಲ್ಲಿ ಸಿಹಿಮಾತು ಬೇಡ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಜಾಮೀನುದಾರನ ಹೊಣೆಯನ್ನು ಸಾಲಗಾರನ ಹೊಣೆಯಷ್ಟೇ ಎಂದು ಹೇಳುತ್ತದೆ. "ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ" ಎಂಬ ವಾದವನ್ನು ಸುಪ್ರೀಂ ಕೋರ್ಟ್ 1969ರಷ್ಟು ಹಿಂದೆಯೇ ತಳ್ಳಿಹಾಕಿದೆ. ಸಂಬಳದಾರರ ಸಹಕಾರ ಸಂಘದಲ್ಲಿ ಸಹೋದ್ಯೋಗಿಗೆ ಜಾಮೀನು ಹಾಕಿದವರ ಪಗಾರದಿಂದಲೇ ಕಡಿತವಾಗುವುದು ಈ ಕಾರಣಕ್ಕೆ.

ಹಾಗಿದ್ದೂ ನೋಡಬೇಕಾದ ಕೆಲವು ಅಂಶಗಳಿವೆ. ಮೂಲ ಪತ್ರದಲ್ಲಿ ನೀವು ಎಷ್ಟು ಮೊತ್ತಕ್ಕೆ ಸಹಿ ಮಾಡಿದ್ದಿರಿ? ನಿಮ್ಮನ್ನು ಕೇಳದೆ ಬಡ್ಡಿ, ಅವಧಿ, ಮೊತ್ತ ಬದಲಾಯಿಸಿದ್ದರೆ ಆ ಬದಲಾವಣೆಯ ನಂತರದ ವ್ಯವಹಾರಕ್ಕೆ ಜಾಮೀನು ಬಿಡುಗಡೆಯಾಗುತ್ತದೆ ಎಂದು 133ನೇ ಕಲಂ ಹೇಳುತ್ತದೆ. ಅಚ್ಚಾದ ಫಾರಂಗಳಲ್ಲಿ ಈ ಹಕ್ಕನ್ನು ಬಿಟ್ಟುಕೊಟ್ಟಂತೆ ಒಂದು ಸಾಲು ತೂರಿಸಿರುವುದುಂಟು. ಅದಕ್ಕೇ ಆ ಪತ್ರದ ಪ್ರತಿ ಬೇಕು. ಇಬ್ಬರು ಜಾಮೀನುದಾರರಿದ್ದು ನೀವೊಬ್ಬರೇ ಕಟ್ಟಿದರೆ ಇನ್ನೊಬ್ಬರಿಂದ ಅವರ ಪಾಲು ಕೇಳಬಹುದು. ಕಟ್ಟಿದಿರಾದರೆ ನಿಮ್ಮ ಖಾತೆಯಿಂದಲೇ, "ಜಾಮೀನುದಾರನಾಗಿ" ಎಂದು ರಸೀದಿಯಲ್ಲಿ ಬರೆಸಿ ಕಟ್ಟಿ. ನಗದು ಕೊಟ್ಟವರಿಗೆ ಆಮೇಲೆ ಸಾಲಗಾರನ ಮೇಲೆ ದಾವೆ ಹಾಕಲು ಕೈಯಲ್ಲಿ ಪುರಾವೆಯೇ ಇರುವುದಿಲ್ಲ. ಪೂರ್ತಿ ತೀರಿಸಿದ ಜಾಮೀನುದಾರನಿಗೆ ಸಾಲ ಕೊಟ್ಟವರ ಹಕ್ಕುಗಳೆಲ್ಲ ಬರುತ್ತವೆ, ಅಡವಿಟ್ಟ ವಸ್ತು ಸಹಿತ.

ಚೆಕ್ ಕೊಡಬೇಡಿ. "ಸೆಕ್ಯುರಿಟಿಗೆ ಇರಲಿ, ಹಾಕೋದಿಲ್ಲ" ಎಂದೇ ಇಸಿದುಕೊಳ್ಳುತ್ತಾರೆ. ಬೇರೆಯವರ ಸಾಲಕ್ಕೆ ಜಾಮೀನಾಗಿ ಕೊಟ್ಟ ಚೆಕ್ ಬೌನ್ಸ್ ಆದರೂ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂನ ಕ್ರಿಮಿನಲ್ ಕೇಸು ನಿಲ್ಲುತ್ತದೆ.

ಸಂಘದ ಸಾಲ, ಮತ್ತು "ಹೆಸರು ಕೊಟ್ಟ" ಸಾಲ

ಕರ್ನಾಟಕದ ಹಳ್ಳಿ, ಸಣ್ಣ ಊರುಗಳಲ್ಲಿ ಬೇರೆಯವರ ಸಾಲದ ಗೋಳು ಹೆಚ್ಚಾಗಿ ಬರುವುದು ಇಲ್ಲಿಂದ. ಎರಡು ಬಗೆಯಿದೆ, ಬೆರೆಸಬಾರದು.

ಗುಂಪಿನ ಒಬ್ಬಾಕೆ ಊರು ಬಿಟ್ಟಳು, ಆಕೆಯ ಕಂತನ್ನು ಉಳಿದವರು ಹಾಕಬೇಕು ಎಂದು ಕೂರಿಸಿಕೊಳ್ಳುವುದು ಮೊದಲನೆಯದು. ನಿಮ್ಮ ಸಾಲದ ಕಾರ್ಡು ಮತ್ತು ಒಪ್ಪಂದ ತೆಗೆದು ನೋಡಿ. ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂದು ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿರ್ದೇಶನ ಹೇಳುತ್ತದೆ. ಪರಸ್ಪರ ಜಾಮೀನಿಗೆ ಸಹಿ ಮಾಡಿದ್ದರೆ ಹೊಣೆ ಇದೆ. ಇಲ್ಲದಿದ್ದರೆ ಅದು ಬರೀ ರೂಢಿ. ಸಹಿ ಇದ್ದರೂ ಇಲ್ಲದಿದ್ದರೂ, "ದುಡ್ಡು ಬರೋವರೆಗೂ ಯಾರೂ ಏಳಬೇಡಿ" ಎಂದು ಮಹಿಳೆಯರನ್ನು ರಾತ್ರಿಯವರೆಗೆ ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂನಡಿ ಅಕ್ರಮ ಬಂಧನ. ಸ್ಥಳದಿಂದಲೇ 112ಕ್ಕೆ ಕರೆ ಮಾಡಬಹುದು. ಕಂತು ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಸಾಲಗಾರರು ಸತತ ಎರಡು ಸಲ ಬಾರದಿದ್ದರೆ ಮಾತ್ರ ಸಿಬ್ಬಂದಿ ಮನೆಗೆ ಅಥವಾ ಕೆಲಸದ ಜಾಗಕ್ಕೆ ಹೋಗಬಹುದು. ನೆಂಟರನ್ನು, ಜೊತೆಯಲ್ಲಿ ಕೆಲಸ ಮಾಡುವವರನ್ನು ಕಾಡುವುದು, ಬಾಕಿದಾರರ ಹೆಸರು ಬಹಿರಂಗ ಮಾಡುವುದು ಅದೇ ನಿರ್ದೇಶನದಲ್ಲಿ ನಿಷಿದ್ಧ.

ಎರಡನೆಯದು ಕಷ್ಟದ್ದು. ಪರಿಚಯದ ಹೆಂಗಸೊಬ್ಬಳು "ನಿನ್ನ ಹೆಸರಲ್ಲಿ 50 ಸಾವಿರ ತೆಗೆದುಕೊಡು, ಕಂತು ನಾನು ಕಟ್ಟುತ್ತೇನೆ, ನಿನಗೂ ಸ್ವಲ್ಪ ಕೊಡುತ್ತೇನೆ" ಎಂದಳು. ಹತ್ತಾರು ಮಂದಿಯಿಂದ ಹಾಗೆ ತೆಗೆಸಿ ಒಂದು ದಿನ ಮನೆಗೆ ಬೀಗ ಹಾಕಿ ಹೋದಳು. ಹಣ ಉಂಡವಳು ಅವಳಾದರೂ ಕಾಗದದಲ್ಲಿ ಸಾಲಗಾರ್ತಿ ನೀವೇ. ಸಂಸ್ಥೆಯ ಮುಂದೆ "ಅದು ಅವಳ ಸಾಲ" ಎಂಬ ಮಾತು ನಡೆಯದು. ಮಾಡಬಹುದಾದ್ದು ಇಷ್ಟು: ಮೋಸ ಹೋದವರೆಲ್ಲ ಸೇರಿ ಆಕೆಯ ಮೇಲೆ ವಂಚನೆಯ ದೂರು ಕೊಡಿ (ಸಂಹಿತೆಯ 318ನೇ ಕಲಂ). ಹಣ ಆಕೆಗೆ ಫೋನ್‌ಪೇ ಮಾಡಿದ ಅಥವಾ ಬ್ಯಾಂಕಿನಿಂದ ತೆಗೆದುಕೊಟ್ಟ ದಿನಾಂಕಗಳನ್ನು ಪಟ್ಟಿ ಮಾಡಿ. ಕಂಪನಿಯ ಸಿಬ್ಬಂದಿಯೇ ಇದಕ್ಕೆ ಕೈಜೋಡಿಸಿದ್ದರೆ ಅದನ್ನು ದೂರಿನಲ್ಲಿ ಬಿಡದೆ ಬರೆಯಿರಿ; ಮರುಪಾವತಿ ಅವಧಿ ವಿಸ್ತರಿಸಲು ಕೇಳುವಾಗ ನಿಮ್ಮ ಬಳಿ ಇರುವ ಬಲ ಅದೇ. ಅದರ ನಡುವೆ ಕಂತು ಪೂರ್ತಿ ನಿಲ್ಲಿಸಿದರೆ ಸಿಬಿಲ್ ಹಾಳಾಗುವುದು ನಿಮ್ಮದು, ಆಕೆಯದಲ್ಲ.

ಬಲವಂತದ ವಸೂಲಿಯ ವಿರುದ್ಧ ರಾಜ್ಯದಲ್ಲಿ ಪ್ರತ್ಯೇಕ ಕಾನೂನಿದೆ. ಕಿರು ಸಾಲ, ಸಣ್ಣ ಸಾಲಗಳ ವಸೂಲಿ ಕಿರುಕುಳ ತಡೆಯುವ ಸುಗ್ರೀವಾಜ್ಞೆ 2025ರ ಫೆಬ್ರವರಿ 12ರಂದು ಜಾರಿಗೆ ಬಂತು. ಮುಂದೆ ವಿಧಾನಮಂಡಲದ ಒಪ್ಪಿಗೆಯೂ ಸಿಕ್ಕಿತು. ಸಾಲಗಾರರಷ್ಟೇ ಅಲ್ಲ, ಅವರ ಮನೆಯವರನ್ನು ಹಿಂಸಿಸುವುದು, ಬೆದರಿಸುವುದು, ಹಿಂಬಾಲಿಸುವುದು ಇದರಡಿ ಅಪರಾಧ. ಶಿಕ್ಷೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ನಿರಾಕರಿಸುವಂತಿಲ್ಲ. ದೂರಿನಲ್ಲಿ ಈ ಕಾನೂನು ಮತ್ತು ನ್ಯಾಯ ಸಂಹಿತೆ ಎರಡನ್ನೂ ಹೆಸರಿಸಿ. ಸಂಸ್ಥೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವೋ ಅಲ್ಲವೋ ಎಂಬುದರ ಮೇಲೆ ಯಾವುದು ಅನ್ವಯಿಸುತ್ತದೆಂದು ಠಾಣೆಯವರು ನೋಡಿಕೊಳ್ಳಲಿ.

ನಿಮ್ಮ ಹೆಸರಿನಲ್ಲಿ ಇನ್ಯಾರೋ ತೆಗೆದ ಸಾಲ

ನಿಮಗೆ ಗೊತ್ತೇ ಇಲ್ಲದೆ ನಿಮ್ಮ ಪ್ಯಾನ್, ಆಧಾರ್ ಬಳಸಿ ಸಾಲ ಎದ್ದಿದ್ದರೆ ಮೊದಲು ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಜನರ ಸಾಲದ ದಾಖಲೆ ಇಡುವ ಈ ನಾಲ್ಕೂ ಕ್ರೆಡಿಟ್ ಬ್ಯೂರೋಗಳಿಂದ ವರದಿ ತೆಗೆಯಿರಿ. ವರ್ಷಕ್ಕೊಂದು ಪೂರ್ಣ ವರದಿ ಪ್ರತಿಯೊಂದರಲ್ಲೂ ಉಚಿತ. ಒಂದರಲ್ಲಿ ಕಾಣದ ಸಾಲ ಇನ್ನೊಂದರಲ್ಲಿ ಇರಬಹುದು. ಖಾತೆಗಳ ಪಟ್ಟಿಯ ಜೊತೆಗೆ 'ಎನ್ಕ್ವೈರಿ' ಭಾಗವನ್ನೂ ಓದಿ. ನೀವು ಅರ್ಜಿ ಹಾಕದ ಸಂಸ್ಥೆಯ ಹೆಸರು ಅಲ್ಲಿದ್ದರೆ ಇನ್ನೊಂದು ಸಾಲ ತಯಾರಾಗುತ್ತಿರಬಹುದು.

ಪ್ರತಿ ಬ್ಯೂರೋದಲ್ಲೂ "ಈ ಖಾತೆ ನನ್ನದಲ್ಲ" ಎಂದು ಆನ್‌ಲೈನ್ ತಕರಾರು ಹಾಕಬೇಕು. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನಿಮಗೆ ಸಲ್ಲಬೇಕು. ಆದರೆ ಬ್ಯೂರೋ ಸ್ವತಃ ಏನನ್ನೂ ಅಳಿಸುವುದಿಲ್ಲ, ಸಾಲ ಕೊಟ್ಟವರನ್ನು ಕೇಳುತ್ತದೆ. ಅವರು "ಸರಿಯಾಗಿದೆ" ಎಂದರೆ ತಕರಾರು ಬಿದ್ದುಹೋಗುತ್ತದೆ. ಹಾಗಾಗಿ ನಿಜವಾದ ಜಗಳ ಸಾಲ ಕೊಟ್ಟವರ ಜೊತೆ. ಅಲ್ಲಿ ಕೇಳಬೇಕಾದ ಒಂದೇ ಒಂದು ದಾಖಲೆ ಆರಿಸಿ ಎಂದರೆ, ಸಾಲದ ಹಣ ಯಾವ ಬ್ಯಾಂಕ್ ಖಾತೆಗೆ ಜಮೆಯಾಯಿತು ಎಂಬುದು. ಸಹಿಯನ್ನು ನಕಲು ಮಾಡಬಹುದು, ಒಟಿಪಿ ಕದಿಯಬಹುದು. ಹಣ ಮಾತ್ರ ಎಲ್ಲೋ ಒಂದು ಕಡೆ ಇಳಿಯಲೇಬೇಕು. ಆ ಖಾತೆ ನಿಮ್ಮದಲ್ಲವೆಂದರೆ ಅವರ ವಾದ ಅಲ್ಲೇ ಕುಸಿಯಿತು. ಅರ್ಜಿಯಲ್ಲಿರುವ ಫೋಟೊ, ಮೊಬೈಲ್ ಸಂಖ್ಯೆ, ವಿಳಾಸವನ್ನೂ ಕೇಳಿ.

ಜೊತೆಗೆ ಬಾಗಿಲು ಮುಚ್ಚುವ ಕೆಲಸ. ಯುಐಡಿಎಐ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ, ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಎಂಬ ಆರು ತಿಂಗಳ ಇತಿಹಾಸ ನೋಡಿ. ದೂರಸಂಪರ್ಕ ಇಲಾಖೆಯ 'ಸಂಚಾರ್ ಸಾಥಿ' ಜಾಲತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಪರಿಶೀಲಿಸಿ, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಿ. ಹಣ ಹೋಗಿದ್ದರೆ ಸೈಬರ್ ಸಹಾಯವಾಣಿ 1930; ದೂರು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲಿ. ಬೇರೆಯವರ ಗುರುತು ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಸೋಗು ಹಾಕಿ ವಂಚಿಸುವುದಕ್ಕೆ ನ್ಯಾಯ ಸಂಹಿತೆಯ 319. ಎಫ್ಐಆರ್ ಪ್ರತಿ ಇಲ್ಲದೆ ಸಂಸ್ಥೆಗಳು ತಕರಾರನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅಪರೂಪ.

ಪತ್ರ, ಮತ್ತು ಅದರ ಮುಂದಿನ ಮೆಟ್ಟಿಲು

ಪತ್ರವನ್ನು ಏಜೆಂಟನಿಗಲ್ಲ, ಸಾಲ ಕೊಟ್ಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಹೆಸರು, ಇಮೇಲ್ ಅವರ ಜಾಲತಾಣದಲ್ಲಿರುತ್ತದೆ. ಇಮೇಲ್ ಮಾಡಿ, ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇಷ್ಟು ಸಾಕು:

"ಸಾಲ ಖಾತೆ ಸಂಖ್ಯೆ ____ ಕುರಿತು. ಈ ಸಾಲವನ್ನು ನಾನು ಪಡೆದಿಲ್ಲ. ಸಹ ಸಾಲಗಾರನಾಗಿಯಾಗಲಿ ಜಾಮೀನುದಾರನಾಗಿಯಾಗಲಿ ಸಹಿ ಮಾಡಿಲ್ಲ. ____ ದಿನಾಂಕದಿಂದ ನನಗೆ ವಸೂಲಿ ಕರೆಗಳು ಬರುತ್ತಿವೆ. ದಿನಾಂಕ, ಸಮಯ, ಸಂಖ್ಯೆಗಳ ಪಟ್ಟಿ ಲಗತ್ತಿಸಿದೆ. ನಾನು ಹೊಣೆಗಾರನೆಂಬುದು ನಿಮ್ಮ ನಿಲುವಾದರೆ ನನ್ನ ಸಹಿಯಿರುವ ದಾಖಲೆಯ ಪ್ರತಿ ಕೊಡಿ. ಇಲ್ಲವಾದರೆ ನನ್ನ ಸಂಖ್ಯೆ ಮತ್ತು ವಿಳಾಸವನ್ನು ಈ ಖಾತೆಯಿಂದ ತೆಗೆದು ಲಿಖಿತವಾಗಿ ತಿಳಿಸಿ. ಈ ಪತ್ರ ಯಾವುದೇ ಸಾಲದ ಒಪ್ಪಿಗೆಯಲ್ಲ."

30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್ ಮೂಲಕ ದೂರು ಹೋಗಬೇಕು. ಶುಲ್ಕವಿಲ್ಲ, ವಕೀಲರು ಬೇಡ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಸಂಸ್ಥೆಗೆ ಮೊದಲು ಬರೆಯದೆ ನೇರ ಹೋದ ದೂರು ಇಲ್ಲಿ ತಿರಸ್ಕೃತವಾಗುತ್ತದೆ. ನೀವು ಅವರ ಗ್ರಾಹಕರೇ ಅಲ್ಲ ಎಂಬ ತಕರಾರು ಏಳಬಹುದು. ಹಾಗಾಗಿ ದೂರನ್ನು ಸಾಲದ ಸುತ್ತ ಕಟ್ಟದೆ, ವಸೂಲಿ ನಿಯಮ ಮುರಿದದ್ದರ ಸುತ್ತ ಕಟ್ಟಿ.

ಪುರಾವೆಯ ಬಗ್ಗೆ ಒಂದು ಮಾತು. ಕರೆ ರೆಕಾರ್ಡಿಂಗ್, ಸಂದೇಶಗಳು ಮೂಲ ಫೋನಿನಲ್ಲೇ ಇರಲಿ. ಸ್ಕ್ರೀನ್‌ಶಾಟ್ ತೆಗೆಯುವಾಗ ಉಳಿಸಿಕೊಂಡ ಹೆಸರಲ್ಲ, ಪೂರ್ತಿ ನಂಬರು ಮತ್ತು ಸಮಯ ಕಾಣಬೇಕು. ಮನೆಗೆ ಬಂದವರ ಗುರುತಿನ ಚೀಟಿ, ಸಂಸ್ಥೆಯ ಅಧಿಕಾರ ಪತ್ರ ಕೇಳಿ ಫೋಟೊ ತೆಗೆದುಕೊಳ್ಳಿ. ಇಲ್ಲದವರನ್ನು ಹೊಸಿಲು ದಾಟಿಸಬೇಡಿ. "ಇದು ಸಿವಿಲ್ ವಿಷಯ" ಎಂದು ಠಾಣೆಯಲ್ಲಿ ವಾಪಸ್ ಕಳಿಸಿದರೆ, ನಾಗರಿಕ ಸುರಕ್ಷಾ ಸಂಹಿತೆಯ 173(4)ರಂತೆ ಅದೇ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಸಾಲ ಸಿವಿಲ್ ವಿಷಯವೇ. ಬೆದರಿಕೆ (ನ್ಯಾಯ ಸಂಹಿತೆಯ 351), ಸುಲಿಗೆ (308), ಮಹಿಳೆಯ ಮಾನಕ್ಕೆ ಧಕ್ಕೆ ತರುವ ಮಾತು (79) ಸಿವಿಲ್ ಅಲ್ಲ.

ಕೋರ್ಟ್ ಕಾಗದ ಬಂದಾಗ

ವಾಟ್ಸ್ಆ್ಯಪ್‌ನಲ್ಲಿ ಬರುವ "ಅರೆಸ್ಟ್ ವಾರಂಟ್"ಗಳಲ್ಲಿ ಬಹುಪಾಲು ಬೆದರಿಕೆಯ ಚಿತ್ರಗಳು. ನಿಜವಾದ ಕೇಸಿಗೆ 16 ಅಕ್ಷರದ ಸಿಎನ್ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ನೋಡಿ. ಅಲ್ಲಿ ಕಂಡರೆ ಅಲಕ್ಷ್ಯ ಬೇಡ. ಸಾಲ ನಿಮ್ಮದಲ್ಲದಿದ್ದರೂ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ (ನಿಮ್ಮ ವಾದ ಕೇಳದೆ ತೀರ್ಪು) ಆಗುತ್ತದೆ, ಅದನ್ನು ತೆಗೆಸಲು ಸಿಗುವುದು 30 ದಿನ. ಮಧ್ಯಸ್ಥಿಕೆ (ಆರ್ಬಿಟ್ರೇಷನ್) ನೋಟಿಸಿಗೂ "ನಾನು ಈ ಕರಾರಿಗೆ ಸಹಿ ಮಾಡಿಲ್ಲ" ಎಂದು ತಕ್ಷಣ ಉತ್ತರ ಕೊಡಿ.

ಲೋಕ ಅದಾಲತ್ ನೋಟಿಸ್ ಬೇರೆ. ಹೋಗಿ ಹೇಳಿಕೆ ಕೊಟ್ಟು ಬರಬಹುದು, ರಾಜಿಗೆ ಒಪ್ಪಲೇಬೇಕೆಂದಿಲ್ಲ. ಅಲ್ಲಿ ಸಹಿ ಮಾಡಿದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. "ಸ್ವಲ್ಪ ಕಟ್ಟಿ ಮುಗಿಸಿಬಿಡಿ" ಎಂಬ ಹಿತವಚನಕ್ಕೆ ಮಣಿದು ಸಹಿ ಹಾಕಿ, ಹೊಣೆಯೇ ಇಲ್ಲದ ಸಾಲವನ್ನು ತಲೆಗೆ ಕಟ್ಟಿಕೊಂಡವರುಂಟು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಸಂಸ್ಥೆ "ನಿಮ್ಮ ಹೆಸರು ತೆಗೆದಿದ್ದೇವೆ" ಎಂದು ಬರೆದುಕೊಟ್ಟ ಮೇಲೂ ಆ ಪತ್ರವನ್ನು ಬಿಸಾಡಬೇಡಿ. ಹಳೆಯ ಬಾಕಿಗಳನ್ನು ಬ್ಯಾಂಕುಗಳು ಆಸ್ತಿ ಪುನರ್‌ನಿರ್ಮಾಣ ಕಂಪನಿಗಳಿಗೆ (ಕೆಟ್ಟ ಸಾಲ ಕೊಂಡು ವಸೂಲಿ ಮಾಡುವವು) ಗೊಂಚಲಾಗಿ ಮಾರುತ್ತವೆ. ಆಗ ಹಳೆಯ ನಂಬರುಗಳ ಪಟ್ಟಿಯೂ ಜೊತೆಗೆ ಹೋಗಿ, ವರ್ಷ ಕಳೆದ ಮೇಲೆ ಬೇರೊಂದು ಹೆಸರಿನಿಂದ ಕರೆ ಶುರುವಾಗಬಹುದು. ಆ ಪತ್ರದ ಪ್ರತಿಯನ್ನು ಹೊಸ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸಿ. ಎರಡು ತಿಂಗಳ ನಂತರ ನಾಲ್ಕೂ ಬ್ಯೂರೋಗಳ ವರದಿಯನ್ನು ಇನ್ನೊಮ್ಮೆ ತೆರೆದು, ಖಾತೆ ಹೊಸ ಹೆಸರಿನಲ್ಲಿ ಮತ್ತೆ ಬಂದು ಕೂತಿಲ್ಲವೆಂದು ನೋಡಿಕೊಳ್ಳಿ.